ಚುಕ್ಕೆ ಗೆರೆಯೊಳಗಿನ ಮನೆ

ನಮ್ಮ ಊರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ನೀವು ಮನೆ ಸೇರದಿದ್ದರೆ ಮನೆಯೇ ನಿಮ್ಮನ್ನು ಹುಡುಕಿಕೊಂಡು ಹೊರಡುತ್ತದೆ. ಇದರಲ್ಲಿ ಮೂಗಿನ ಮೇಲೆ ಬೆರಳಿಡುವಂಥದ್ದೇನೂ ಇಲ್ಲ. ಬೇರೆ ಊರುಗಳಲ್ಲಿ ಅಮ್ಮಂದಿರು ಬೀದಿ ತುದಿಗೆ ಬಂದು ಕೂಗುತ್ತಾರಂತೆ, ಹೆಂಡತಿಯರು ಫೋನ್ ಮಾಡಿ ಬೈಯುತ್ತಾರಂತೆ. ನಮ್ಮಲ್ಲಿ ಆ ಕೆಲಸವನ್ನು ಮನೆ ಮಾಡುತ್ತದೆ, ಅಷ್ಟೆ. ಮೆಲ್ಲಗೆ ಏಳುತ್ತದೆ, ಮೈಮೇಲಿನ ಹೆಂಚು ಸರಿಮಾಡಿಕೊಳ್ಳುತ್ತದೆ, ಗಬ್ಬದ ಎಮ್ಮೆಯ ಹಾಗೆ ಅತ್ತಿತ್ತ ನೋಡಿಕೊಂಡು ಬೀದಿಗಿಳಿಯುತ್ತದೆ. ಎದುರಿಗೆ ಬಸ್ಸು ಬಂದರೆ ಬಸ್ಸೇ ನಿಂತು ದಾರಿ ಬಿಡಬೇಕು.

ಅದಕ್ಕೆ ತಕ್ಕಂತೆ ನಾವೂ ಬದುಕನ್ನು ಹೊಂದಿಸಿಕೊಂಡಿದ್ದೇವೆ. ಕರೆಂಟಿನ ವೈರನ್ನು ನೂರು ಮಾರು ಹೆಚ್ಚಿಗೆ ಕೊಂಡು ಸುರುಳಿ ಸುತ್ತಿ ಸೂರಿನಡಿ ನೇತುಹಾಕಿರುತ್ತೇವೆ. ಸಾಯಂಕಾಲ ಬಾಣಲೆಯಲ್ಲಿ ಎಣ್ಣೆ ಕಾಯಿಸುವ ಮೊದಲು ಮನೆಮಂದಿಯೆಲ್ಲ ಬಂದರೇ ಎಂದು ತಲೆ ಎಣಿಸುತ್ತೇವೆ. ನಮ್ಮ ಅಂಚೆಯವನು ವಿಳಾಸ ನೋಡುವುದಿಲ್ಲ, ಮುಖ ನೋಡುತ್ತಾನೆ. ಹಿಂದೆ ಇಲ್ಲೊಂದು ಇಸ್ಪೀಟಿನ ಕ್ಲಬ್ಬಿತ್ತು. ಸಂಜೆಯಾದರೆ ಅದರ ಮುಂದೆ ಆರೇಳು ಮನೆಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ಒಂದೊಂದು ಕಿಟಕಿಯಲ್ಲೂ ಒಬ್ಬೊಬ್ಬ ಹೆಂಡತಿ, ಕೈಯಲ್ಲಿ ಸೌಟು. ಕ್ಲಬ್ಬು ಮುಚ್ಚಿತು. ಊರು ಬಿಟ್ಟು ಹೋಗುವವರು ಹೊಸ್ತಿಲಿಗೆ ಹೇಳಿ ಹೋದರೆ ಸಾಕು, ಮನೆ ಸುಮ್ಮನಿರುತ್ತದೆ. ಆದರೆ ಊರೊಳಗೇ ಇದ್ದು ತಡ ಮಾಡುವವರ ಸಬೂಬನ್ನು ಯಾವ ಮನೆಯೂ ಕೇಳಿದ್ದಿಲ್ಲ.

ಹುಡುಕಿದವರು ಸಿಕ್ಕಿ ಒಳಗೆ ಕಾಲಿಟ್ಟ ಮೇಲೆ ಮನೆ ತಿರುಗಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಆದರೆ ಎದ್ದಲ್ಲೇ ಸರಿಯಾಗಿ ಕೂರುವುದಿಲ್ಲ. ಮನುಷ್ಯರೂ ಹಾಗೇ ತಾನೆ? ಚಾಪೆಯಿಂದೆದ್ದು ನೀರು ಕುಡಿದು ಬಂದವರು ಗೆರೆ ಎಳೆದ ಹಾಗೆ ಮೊದಲಿನ ಜಾಗದಲ್ಲೇ ಕೂರುತ್ತಾರೆಯೇ? ಮನೆಯೂ ಒಂದು ಗೇಣು ಆಚೆ, ಒಂದು ಮೊಳ ಈಚೆ. ಹಾಗಾಗಿ ನಮ್ಮ ಊರಿಗೆ ನಕ್ಷೆ ಇರಲಿಲ್ಲ. ನಮಗೆ ಅದರಿಂದ ತೊಂದರೆಯೂ ಆಗಿರಲಿಲ್ಲ.

ನಾನು ದಾಕ್ಷಾಯಿಣಿ. ಬ್ಲೌಸ್ ಹೊಲಿಯುತ್ತೇನೆ. ಊರಿನ ಹೆಂಗಸರ ಮೈಯ ಗುಟ್ಟೆಲ್ಲ ನನ್ನ ಟೇಪಿಗೆ ಗೊತ್ತು. ನನ್ನದು ಎರಡು ಕೋಣೆ, ಒಂದು ಜಗುಲಿ, ಮೇಲೆ ಹೆಂಚು. ಒಂದು ಪಕ್ಕ ಊರ ಬಾವಿ, ಇನ್ನೊಂದು ಪಕ್ಕ ನುಗ್ಗೆ ಮರ. ನಮ್ಮ ಯಜಮಾನರು ಇದ್ದಾಗ ಮನೆ ವಾರಕ್ಕೆ ಮೂರು ಸಲವಾದರೂ ಏಳುತ್ತಿತ್ತು. ಸೈಕಲ್ ರಿಪೇರಿಯವರು ಅವರು. ಪಂಕ್ಚರಿಗಿಂತ ಮಾತು ಹೆಚ್ಚು. ಅವರು ತೀರಿಕೊಂಡ ಮೇಲೆ ಹನ್ನೊಂದು ದಿನ ಮನೆ ಪ್ರತಿ ಸಂಜೆ ಎದ್ದು ಕೆರೆ ದಾರಿಯವರೆಗೂ ಹೋಗಿ, ನಿಂತು ನೋಡಿ, ವಾಪಸು ಬಂತು. ಹನ್ನೆರಡನೆಯ ದಿನದಿಂದ ಏಳಲಿಲ್ಲ. ಎಂಟು ವರ್ಷ ಕೂತೇ ಇತ್ತು. ಅದು ಹುಡುಕುತ್ತಿದ್ದದ್ದು ಅವರನ್ನು, ನನ್ನನ್ನಲ್ಲ ಎಂದು ನಾನು ತೀರ್ಮಾನ ಮಾಡಿಕೊಂಡೆ. ತೀರ್ಮಾನ ಸರಿಯೋ ತಪ್ಪೋ ನೋಡುವ ಗೋಜಿಗೂ ಹೋಗಲಿಲ್ಲ. ಬಟ್ಟೆ ಕೊಡುವವರು ಮನೆಗೇ ಬರುತ್ತಿದ್ದರು, ತರಕಾರಿ ಬಾಗಿಲಿಗೇ ಬರುತ್ತಿತ್ತು. ನಾನು ಎಲ್ಲಿಗೆ ಹೋಗಲಿ?

ಹೀಗಿರುವಾಗ ಬಂದವಳು ಸುಮೇಧಾ. ಊರಿನ ನಕ್ಷೆ ಮಾಡಲು ಸರ್ಕಾರ ಕಳಿಸಿದ ಹೊಸ ಸರ್ವೆಯರು. ಇಪ್ಪತ್ತೈದು ವಯಸ್ಸು, ಕಡ್ಡಿಯಂಥ ಮೈ, ಬೆನ್ನಿಗೆ ಅವಳಷ್ಟೇ ತೂಕದ ಚೀಲ, ಕಿವಿಯ ಹಿಂದೆ ಪೆನ್ಸಿಲ್ಲು. ಅವಳಿಗಿಂತ ಮುಂಚೆ ಬಂದಿದ್ದ ಮೂವರು ಸರ್ವೆಯರುಗಳು ತಲೆ ಕೆರೆದುಕೊಂಡು ವಾಪಸು ಹೋಗಿದ್ದರು. ಇವಳಿಗೆ ಆರು ತಿಂಗಳ ಪ್ರೊಬೇಷನ್. ನಕ್ಷೆ ಸರಿ ಬಂದರೆ ಕೆಲಸ ಖಾಯಂ, ಇಲ್ಲದಿದ್ದರೆ ಗಂಟುಮೂಟೆ. ನನ್ನ ಮುಂದಿನ ಕೋಣೆ ಬಾಡಿಗೆಗೆ ಕೇಳಿದಳು. ನಾನು ಒಂದೇ ಷರತ್ತು ಹೇಳಿದೆ.

"ದೀಪ ಹಚ್ಚೋ ಹೊತ್ತಿಗೆ ಮನೇಲಿರ್ಬೇಕು ಕಣಮ್ಮ."

ಅವಳ ಮುಖ ಗಂಟಾಯಿತು. "ಆಂಟಿ, ನಾನು ನಾಲ್ಕು ವರ್ಷ ಪಿ.ಜಿ.ನಲ್ಲಿ ಇದ್ದು ಬಂದೋಳು. ಹುಡುಗೀರಿಗೆ ಮಾತ್ರ ಯಾಕೆ ಈ ರೂಲ್ಸು? ನಾನು ಕೆಲಸ ಮಾಡೋಕೆ ಬಂದಿರೋದು."

"ನನ್ ರೂಲ್ಸಲ್ಲ ಕಣಮ್ಮ. ಮನೇದು."

"ಎಲ್ಲಾ ಮನೆಯೋರೂ ಹಂಗೇ ಹೇಳೋದು," ಎಂದು ಅವಳು ಚೀಲ ಇಳಿಸಿದಳು. ನಾನು ಕೋಣೆಯ ಬೀಗದ ಕೈ ಕೊಟ್ಟೆ. ಹೇಳಿ ಕಲಿಯುವವರಿಗಿಂತ ಬಿದ್ದು ಕಲಿಯುವವರೇ ಜಾಸ್ತಿ.

ಹದಿನೈದನೆಯ ದಿನ ಬಿದ್ದಳು. ಅವತ್ತು ನಾನು ಒಂದು ಮದುವೆ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ದೇವರ ಮುಂದೆ ದೀಪ ಹಚ್ಚಿ ಬಂದು ಕೂತು ಒಂದು ಹುಕ್ಕು ಮುಗಿಸಿರಲಿಲ್ಲ, ಕಾಲ ಕೆಳಗೆ ನೆಲ ಕೊಂಚ ಮೇಲೆದ್ದಿತು. ಎಂಟು ವರ್ಷ ಕೂತು ಜೋಮು ಹಿಡಿದಿತ್ತೇನೋ, ಕಂಬಗಳೆಲ್ಲ ಲಟಲಟ ಎಂದವು. ಗೋಡೆಯ ಮೇಲೆ ಯಜಮಾನರ ಫೋಟೋ ವಾಲಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂವತ್ತು ವರ್ಷ ಗುಡಿಸಿ ಸಾರಿಸಿದವಳು ನಾನು; ಈ ಮನೆ ಎದ್ದು ಹೊರಟದ್ದು ಹದಿನೈದು ದಿನದ ಬಾಡಿಗೆಯವಳಿಗಾಗಿ! ಆದರೆ ಸುಳ್ಳು ಯಾಕೆ ಹೇಳಲಿ, ಕಿಟಕಿಯಲ್ಲಿ ಬೀದಿ ಸರಿಯುವುದನ್ನು ಎಂಟು ವರ್ಷದ ಮೇಲೆ ನೋಡಿ ನನ್ನ ಕಣ್ಣಲ್ಲಿ ನೀರೂ ಬಂತು.

ಸರ್ವೆ ಆಫೀಸಿನ ಗೇಟಿನ ಮುಂದೆ ಮನೆ ನಿಂತಿತು. ಸುಮೇಧಾ ಹೊರಗೆ ಬಂದಳು, ನೋಡಿದಳು, ಒಳಗೆ ಹೋದಳು, ಮುಖ ತೊಳೆದುಕೊಂಡು ಮತ್ತೆ ಬಂದು ನೋಡಿದಳು.

"ಆಂಟಿ," ಎಂದಳು ತೊದಲುತ್ತ, "ನೀವ್ಯಾಕೆ ಮನೆ ಸಮೇತ ಬಂದ್ರಿ?"

"ನಾನೆಲ್ಲಿ ಬಂದೆ? ಅದು ಬಂತು, ನಾನು ಒಳಗಿದ್ದೆ. ಹತ್ತು ಬೇಗ, ಒಲೆ ಮೇಲೆ ಸಾರಿದೆ."

ಅವಳ ಆಫೀಸಿನ ಚೈನ್‌ಮ್ಯಾನ್ ಬೋರಲಿಂಗಯ್ಯ, ಎಂದರೆ ಅಳತೆಯ ಸರಪಳಿಯ ಇನ್ನೊಂದು ತುದಿ ಹಿಡಿಯುವ ಹಿರಿಯ ಆಳು, ಮಾರನೆಯ ದಿನ ಅವಳಿಗೆ ಬುದ್ಧಿ ಹೇಳಿದನಂತೆ. "ನೋಡಿ ಮೇಡಮ್ಮೋರೇ, ನಾನು ಐದೂವರೆ ಅಂದ್ರೆ ಐದೂವರೆಗೆ ಟಿಫನ್ ಡಬ್ಬಿ ಎತ್ಕೊಂಡ್ಬಿಡ್ತೀನಿ. ನಮ್ ಮನೆ ಹುಡುಕ್ಕೊಂಡು ಬಂದ್ರೆ ಪರವಾಗಿಲ್ಲ. ಜಗುಲಿ ಮೇಲೆ ಕೂತಿರೋ ನಮ್ಮತ್ತೇನೂ ಬರ್ತಾರಲ್ಲ, ಅದು ಕಷ್ಟ."

ಆದರೆ ಸುಮೇಧಾ ಬುದ್ಧಿ ಹೇಳಿಸಿಕೊಳ್ಳುವ ಪೈಕಿ ಅಲ್ಲ. ಅವಳ ಲೆಕ್ಕಾಚಾರ ನೇರ: ಕೆಲಸ ಮುಗಿಯುತ್ತಿಲ್ಲವೆಂದರೆ ಇನ್ನೂ ಹೆಚ್ಚು ಹೊತ್ತು ಮಾಡಬೇಕು. ಹೆಚ್ಚು ಹೊತ್ತು ಮಾಡಿದರೆ ಮನೆ ಏಳುತ್ತಿತ್ತು. ಮನೆ ಎದ್ದು ಕೂತರೆ ಅಳತೆ ತಪ್ಪುತ್ತಿತ್ತು. ಅಳತೆ ತಪ್ಪಿದರೆ ಮತ್ತೆ ಅಳೆಯಬೇಕು, ಅದಕ್ಕೆ ಇನ್ನೂ ಹೆಚ್ಚು ಹೊತ್ತು. ಇವಳ ಹಿಂದೆ ಓಡಾಡಿ ಊರಿನವರೂ ತಡ ಮಾಡತೊಡಗಿದರು. ಅವಳ ಮೂರುಕಾಲಿನ ಅಳತೆ ಯಂತ್ರದೊಳಗೆ ಕಣ್ಣಿಟ್ಟು ನೋಡುವ ಆಸೆ ಯಾರಿಗಿಲ್ಲ? ಹೀಗೆ ಅವಳು ಬರುವ ಮೊದಲು ದಿನಕ್ಕೆ ಎರಡೋ ಮೂರೋ ಮನೆ ಜರುಗುತ್ತಿದ್ದ ಊರಿನಲ್ಲಿ ಈಗ ಬೀದಿಗೆ ಬೀದಿಯೇ ಜರುಗುತ್ತಿತ್ತು. ನಕ್ಷೆ ಮಾಡಲು ಬಂದವಳೇ ಊರನ್ನು ಕಲಸಿಟ್ಟಳು.

ಅವಳು ಉಪಾಯಗಳನ್ನೂ ಮಾಡದೆ ಬಿಡಲಿಲ್ಲ. ಮೊದಲು ಆಫೀಸಿನ ಬಾಗಿಲು ಹಾಕಿಕೊಂಡು ಒಳಗೆ ಕೂತಳು. ಮನೆ ಹೋಗಿ ತನ್ನ ಜಗುಲಿಯನ್ನು ಆಫೀಸಿನ ಬಾಗಿಲಿಗೆ ಒತ್ತಿ ನಿಂತಿತು; ಕೊನೆಗೆ ಅವಳೇ ಕಿಟಕಿಯಿಂದ ಇಳಿದು ಬಂದಳು. ಆಮೇಲೆ ಒಂದು ದಿನ ಮಧ್ಯಾಹ್ನ ಸರ್ವೆ ಸರಪಳಿ ತಂದು ಮನೆಯ ಕಂಬವನ್ನು ನುಗ್ಗೆ ಮರಕ್ಕೆ ಬಿಗಿದು ಹೋದಳು. "ಆಂಟಿ, ಇವತ್ತು ನೀವು ಆರಾಮಾಗಿ ಹೊಲೀರಿ," ಎಂದಳು. ಸಂಜೆ ಮನೆ ಎದ್ದಿತು, ಒಂದು ಸಲ ಜಗ್ಗಿತು, ಎರಡು ಸಲ ಜಗ್ಗಿತು, ಮೂರನೆಯ ಸಲಕ್ಕೆ ಮರವೇ ಕಿತ್ತು ಬಂತು. ಹೀಗೆ ಮುಂದೆ ಮನೆ, ಹಿಂದೆ ನುಗ್ಗೆ ಮರ, ಮರಕ್ಕೆ ಕಟ್ಟಿದ್ದ ಎರಡು ಮೇಕೆ, ಮೇಕೆಯ ಹಿಂದೆ ಬೈದುಕೊಂಡು ಓಡುವ ಮೇಕೆಯೊಡತಿ, ಇಷ್ಟೂ ಮೆರವಣಿಗೆಯಾಗಿ ಸರ್ವೆ ಆಫೀಸಿಗೆ ಹೋದೆವು. ಮರವನ್ನು ಬೋರಲಿಂಗಯ್ಯ ಅಲ್ಲೇ ಗುಂಡಿ ತೋಡಿ ನೆಟ್ಟ. ನುಗ್ಗೆಯ ಜಾತಿಯೇ ಹಾಗೆ, ಚಿಗುರಿಕೊಂಡಿತು. ಈಗ ಆಫೀಸಿನವರ ಮನೆಯಲ್ಲೆಲ್ಲ ನುಗ್ಗೆಕಾಯಿ ಹುಳಿ.

ಆರನೆಯ ತಿಂಗಳು ಬಂತು. ಶುಕ್ರವಾರ ದೊಡ್ಡ ಊರಿನಿಂದ ತನಿಖೆಯ ಸಾಹೇಬರು ಬಂದು ನಕ್ಷೆಯನ್ನೂ ನೆಲವನ್ನೂ ತಾಳೆ ನೋಡುವರೆಂದು ಕಾಗದ ಬಂತು. ಮಂಗಳವಾರ ಸುಮೇಧಾ ಬಿಸಿಲು ಇಳಿಯುವ ಮೊದಲೇ ಮನೆಗೆ ಬಂದಳು. ಅಂತೂ ಬುದ್ಧಿ ಬಂತಲ್ಲ ಎಂದು ನಾನು ಹಿಗ್ಗಿ ಅಕ್ಕಿ ರೊಟ್ಟಿಗೆ ಹಿಟ್ಟು ಕಲಸಿದೆ. ನೋಡಿದರೆ ಅವಳ ಹಿಂದೆಯೇ ಬೋರಲಿಂಗಯ್ಯ ಕಾಗದದ ಸುರುಳಿಗಳ ಹೊರೆ ಹೊತ್ತು ಬಂದ. ಇಡೀ ಆಫೀಸನ್ನು ಮನೆಗೆ ತಂದಿದ್ದಳು! ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎಲ್ಲ ಹರಡಿದಳು.

"ಆಂಟಿ, ಮನೆಯೊಳಗೇ ಇದ್ದೀನಲ್ಲ. ಇನ್ನು ಅದು ಏನ್ ಮಾಡುತ್ತೆ ನೋಡೋಣ," ಎಂದು ತಲೆ ಬಗ್ಗಿಸಿದಳು.

ನಾನು ದೀಪ ಹಚ್ಚಿದೆ. ಮನೆ ಒಂದು ಗಳಿಗೆ ಸುಮ್ಮನಿತ್ತು. ಕೋಣೆಕೋಣೆಯ ಬಾಗಿಲು ತಾನೇ ತೆರೆದು ಮುಚ್ಚಿಕೊಂಡಿತು, ಒಳಗೆ ಯಾರಿದ್ದಾರೆಂದು ನೋಡುವ ಹಾಗೆ. ಆಮೇಲೆ ಎದ್ದು ಹೊರಟಿತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಅವತ್ತು ಆ ಕಂಕುಳಲ್ಲಿ ಕೂತು ನೋಡಿದೆ. ಮನೆ ಮೊದಲು ಸರ್ವೆ ಆಫೀಸಿಗೆ ಹೋಯಿತು, ಬೀಗ ಹಾಕಿತ್ತು. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಹೋಗಿ ಒಂದೊಂದು ಬಸ್ಸಿನ ಕಿಟಕಿಗೂ ತನ್ನ ಕಿಟಕಿ ಹಚ್ಚಿ ಇಣುಕಿತು. ಅಲ್ಲಿಂದ ಕೆರೆ ಏರಿ, ಶಾಲೆ ಬಯಲು, ಹಿಟ್ಟಿನ ಗಿರಣಿ. ದಾರಿಯಲ್ಲಿ ಜನ "ಯಾರು ದಾಕ್ಷಾಯಿಣಕ್ಕ, ಯಾರು ಬಂದಿಲ್ಲ?" ಎಂದು ಕೇಳುತ್ತಿದ್ದರು. ನಾನು ಕಿಟಕಿಯಿಂದ ಕೈ ಚಾಚಿ ಒಳಗಿದ್ದವಳನ್ನೇ ತೋರಿಸುತ್ತಿದ್ದೆ. ಅವಳೋ, ಒಂದು ಸಲವೂ ತಲೆ ಎತ್ತಲಿಲ್ಲ. ಮೇಜು ಆಚೆ ಜಾರಿದರೆ ಕುರ್ಚಿಯೂ ಅದರ ಹಿಂದೆ ಜಾರುತ್ತಿತ್ತು, ಇವಳು ಗೆರೆ ಎಳೆಯುತ್ತಲೇ ಇದ್ದಳು. ನಾನು ತಟ್ಟಿದ ರೊಟ್ಟಿ ಹಂಚಿನಿಂದ ಎಗರಿ ಅವಳ ನಕ್ಷೆಯ ಮೇಲೆ ಬಿತ್ತು. ಅದನ್ನು ಕೆರೆ ಎಂದುಕೊಂಡು ಸುತ್ತ ಏರಿಯ ಗುರುತು ಹಾಕಿದಳು.

ಆಗ ನನಗೆ ನಗು ನಿಂತು ಹೆದರಿಕೆಯಾಯಿತು. ಹೋಗಿ ಅವಳ ಕೈಯಿಂದ ಪೆನ್ಸಿಲ್ಲು ಕಿತ್ತುಕೊಂಡು, ಅದೇ ರೊಟ್ಟಿಯನ್ನು ಮುರಿದು ಬೆಣ್ಣೆ ಹಚ್ಚಿ ಆ ಕೈಯಲ್ಲಿಟ್ಟೆ.

"ಸುಮೇಧಾ, ಇಲ್ನೋಡು. ಈ ಮನೆ ನಿನ್ನೇ ಹುಡುಕ್ತಾ ಇದೆ."

ಅವಳು ತಲೆ ಎತ್ತಿದಳು. ಕಿಟಕಿಯ ಆಚೆ ಹಿಟ್ಟಿನ ಗಿರಣಿ ಹಿಂದಕ್ಕೆ ಸರಿಯುವುದನ್ನು ಕಂಡಳು. ಕೈಯಲ್ಲಿದ್ದ ರೊಟ್ಟಿ ನೋಡಿದಳು, ನನ್ನ ಮುಖ ನೋಡಿದಳು, ಒಂದು ತುತ್ತು ಬಾಯಿಗಿಟ್ಟಳು. ಮನೆ ತಟಕ್ಕನೆ ನಿಂತಿತು. ಗೋಡೆಗಳೆಲ್ಲ ಉಸಿರು ಬಿಟ್ಟ ಹಾಗೆ ಸಡಿಲವಾದವು. ಆಮೇಲೆ ತಾನಾಗಿ ತಿರುಗಿ ಬಾವಿಯ ಕಡೆ ಹೆಜ್ಜೆ ಹಾಕಿತು. ಅವಳು ರೊಟ್ಟಿ ಅಗಿಯುತ್ತಲೇ ಅಳತೊಡಗಿದಳು.

"ನಂಗೆ ಕಮ್ಮಿ ಕೆಲಸ ಮಾಡೋದು ಹೇಗೆ ಅಂತ ಗೊತ್ತಿಲ್ಲ ಆಂಟಿ. ಹುಡುಗಿ ಕೈಲಿ ನೆಲ ಅಳೆಯೋಕಾಗುತ್ತಾ ಅಂತ ನಮ್ಮೋರೆಲ್ಲ ನಕ್ಕಿದ್ರು. ಎಲ್ರಿಗಿಂತ ಜಾಸ್ತಿ ಮಾಡಿ ಮಾಡಿನೇ ಇಲ್ಲೀವರೆಗೂ ಬಂದೆ. ಶುಕ್ರವಾರ ನಕ್ಷೆ ತಪ್ಪಾದ್ರೆ ಅವರೆಲ್ಲ ನಕ್ಕಿದ್ದು ಸರಿ ಆಗೋಗುತ್ತೆ."

ನಾನು ಅವಳ ಪಕ್ಕ ಕೂತೆ. ಸಮಾಧಾನದ ಮಾತು ನನಗೆ ಬರುವುದಿಲ್ಲ. ಬರುವುದು ಹೊಲಿಗೆಯ ಮಾತು. "ನೋಡು, ಬ್ಲೌಸ್ ಅಳತೆಗೆ ಬಂದೋರೆಲ್ಲ ಟೇಪು ಕಂಡ ತಕ್ಷಣ ಹೊಟ್ಟೆ ಒಳಕ್ಕೆ ಎಳ್ಕೊಂಡು ಉಸಿರು ಹಿಡೀತಾರೆ. ಆ ಅಳತೆಗೆ ಹೊಲಿದ್ರೆ ಮದುವೆ ಮನೇಲಿ ಮೊದಲನೇ ಹೋಳಿಗೆಗೇ ಹುಕ್ಕು ಹಾರಿಹೋಗುತ್ತೆ. ಅದಕ್ಕೆ ನಾನು ಟೇಪು ಇಳಿಸಿ, ನಿಮ್ಮತ್ತೆ ಹೇಗಿದಾರೆ ಅಂತ ಕೇಳ್ತೀನಿ. ಬೈಯೋ ಭರದಲ್ಲಿ ಉಸಿರು ಬಿಡ್ತಾರೆ. ಆಗ ಅಳೀತೀನಿ. ಅಷ್ಟಾದ್ರೂ ಒಳಗಡೆ ಎರಡು ಬೆರಳು ಬಟ್ಟೆ ಮಡಚಿ ಬಿಟ್ಟೇ ಹೊಲೀತೀನಿ. ಮೈ ಅಂದ್ಮೇಲೆ ಹಿಗ್ಗುತ್ತೆ, ಕುಗ್ಗುತ್ತೆ."

ಅವಳು ಮೂಗು ಒರೆಸಿಕೊಂಡಳು. "ಊರು ಯಾವಾಗ ಉಸಿರು ಬಿಡುತ್ತೆ?"

"ಎಲ್ರೂ ಮನೇಲಿದ್ದಾಗ."

"ಆದ್ರೆ ಆಗ ಅಳೆಯೋಕೆ ನಾನು ಹೊರಗೆ ಹೋದ್ರೆ, ಈ ಮನೆ ನನ್ ಹಿಂದೆ ಬರುತ್ತಲ್ಲ?"

"ನೀನ್ಯಾಕೆ ಹೋಗ್ತೀಯ? ಅವರವರ ಮನೆ ಅವರವರು ಅಳೀಲಿ. ನನ್ ಹತ್ರ ಹನ್ನೊಂದು ಟೇಪಿದೆ."

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ರೊಟ್ಟಿಯ ಎಣ್ಣೆ ಹತ್ತಿದ ನಕ್ಷೆಯನ್ನು ನೋಡಿದಳು. "ಹೊಳೆಗೆ ನಾವು ಚುಕ್ಕೆ ಗೆರೆ ಹಾಕ್ತೀವಿ ಆಂಟಿ," ಎಂದಳು ನಿಧಾನವಾಗಿ. "ಮಳೆಗಾಲದಲ್ಲಿ ಒಂದು ದಂಡೆ, ಬೇಸಿಗೇಲಿ ಒಂದು ದಂಡೆ. ನೀರು ಎಲ್ಲೀವರೆಗೂ ಬರಬಹುದು ಅಂತ ಚುಕ್ಕೆ. ಹೊಳೆಗೆ ಹಾಕಬಹುದಾದ್ರೆ ಮನೆಗೂ ಹಾಕಬಹುದಲ್ವಾ?"

"ಎರಡು ಮೊಳ ಬಿಡು," ಎಂದೆ ನಾನು. "ನಮ್ ಮನೆಗಳು ಅದಕ್ಕಿಂತ ಜಾಸ್ತಿ ಜರುಗಲ್ಲ."

ಬುಧವಾರ ಬೋರಲಿಂಗಯ್ಯ ತಮಟೆ ಹೊಡೆದು ಸಾರಿದ: ಇವತ್ತು ದೀಪ ಹಚ್ಚೋ ಹೊತ್ತಿಗೆ ಎಲ್ಲರೂ ಮನೇಲಿರಬೇಕು, ಮನೇಲಿದ್ದೀವಿ ಅಂತ ನೆನಪೂ ಇರಬೇಕು. ನನ್ನ ಹನ್ನೊಂದು ಟೇಪೂ ಬೀದಿಗೊಂದರಂತೆ ಹೋದವು. ಟೇಪು ಸಿಗದವರು ಕೈಗೆ ಸಿಕ್ಕಿದ್ದರಿಂದ ಅಳೆದರು. ನೆರೆಮನೆಯ ಗೋಡೆಗೆ ಎಷ್ಟು, ಬೀದಿಗೆ ಎಷ್ಟು ಎಂದು ಜಗುಲಿಯಿಂದ ಜಗುಲಿಗೆ ಕೂಗಿ ದಾಟಿಸುವುದು. ನಮ್ಮ ಜಗುಲಿಯ ಮೇಲೆ ಕಾಲು ಇಳಿಬಿಟ್ಟು ಕೂತ ಸುಮೇಧಾ ಬರೆದುಕೊಳ್ಳುವುದು. ಅಂಥ ಸಂಜೆಯನ್ನು ನಮ್ಮ ಊರು ಕಂಡಿರಲಿಲ್ಲ. ಒಂದು ಮನೆಯೂ ಮಿಸುಕದೆ, ಬಿಸಿಲಿಗೆ ಮೈಯೊಡ್ಡಿದ ಬೆಕ್ಕಿನ ಹಾಗೆ ಕೂತಿದ್ದವು. "ನಾಲ್ಕು ಮೊಳ ಒಂದು ಗೇಣು!" "ಏಳು ಸೌಟು!" "ಒಂದು ಸೀರೆ, ಸೆರಗು ಬಿಟ್ಟು!" ಕೆರೆ ಬೀದಿಯಿಂದ ನನ್ನ ಬಾಲ್ಯದ ಗೆಳತಿ ಪದ್ದಕ್ಕನ ಅಳತೆ ಇಪ್ಪತ್ತು ಬಾಯಿ ದಾಟಿ ಬಂತು: "ಎರಡು ಯಜಮಾನ್ರು, ಒಂದು ದಿಂಬು!" ಅವಳು ಗಂಡನನ್ನು ಗೋಡೆಯಿಂದ ಗೋಡೆಗೆ ಎರಡು ಸಲ ಮಲಗಿಸಿ ಅಳೆದಿದ್ದಳು.

"ಅವರ ಯಜಮಾನ್ರು ಎಷ್ಟುದ್ದ?" ಎಂದು ಸುಮೇಧಾ ಪೆನ್ಸಿಲ್ಲು ಹಿಡಿದೇ ಕೇಳಿದಳು.

"ಐದಡಿ ಮೂರಂಗುಲ. ಪೈಜಾಮ ನಾನೇ ಹೊಲಿದಿದ್ದು. ದಿಂಬಿನ ಕವರೂ ನಂದೇ, ಎರಡಡಿ."

ಅವಳು ನಕ್ಕಳು. ಆರು ತಿಂಗಳಲ್ಲಿ ಅವಳ ಹಲ್ಲು ನೋಡಿದ್ದು ಅದೇ ಮೊದಲು. ಗುರುವಾರ ಹಗಲಿನಲ್ಲೇ ಆಫೀಸಿನಲ್ಲಿ ಕೂತು ನಕ್ಷೆ ಮುಗಿಸಿದಳು, ಒಂದೊಂದು ಮನೆಯ ಸುತ್ತಲೂ ಎರಡು ಮೊಳ ಬಿಟ್ಟು ಚುಕ್ಕೆ ಗೆರೆ. ಐದೂವರೆಗೆ ಬೋರಲಿಂಗಯ್ಯನ ಜೊತೆಗೇ ಎದ್ದು ಬಂದಳು. ಬರುವಾಗ ದಾರಿಯಲ್ಲಿ ಮಲ್ಲಿಗೆ ಹೂ ಕೂಡ ತಂದಿದ್ದಳು. ನನಗೊಂದು ತುಂಡು, ಬಾಗಿಲಿಗೊಂದು ತುಂಡು.

ಶುಕ್ರವಾರ ಸಾಹೇಬರು ಬಂದರು. ಮೂಗಿನ ತುದಿಯಲ್ಲಿ ಕನ್ನಡಕ, ಕಂಕುಳಲ್ಲಿ ಸ್ವಂತದ ಸ್ಟೀಲ್ ಟೇಪು. ಮಧ್ಯಾಹ್ನದ ಊಟವನ್ನೂ ನಿಂತುಕೊಂಡೇ ಮುಗಿಸಿದರಂತೆ. ಬೀದಿ ಬೀದಿ ಅಳೆಯುತ್ತ ಹೋದರು, ಎಲ್ಲವೂ ತಾಳೆಯಾಯಿತು. ಆದರೂ ಅವರಿಗೆ ಚುಕ್ಕೆ ಗೆರೆ ಸರಿಬೀಳಲಿಲ್ಲ. "ಮನೆಗೆ ಯಾರ್ರೀ ಚುಕ್ಕೆ ಹಾಕ್ತಾರೆ? ಇದನ್ನ ಅಳಿಸದೆ ನಾನು ಸೈನ್ ಹಾಕಲ್ಲ," ಎಂದು ಗೊಣಗುತ್ತ ಕಡೆಗೆ ನಮ್ಮ ಮನೆಗೆ ಬಂದರು.

ಇಲ್ಲಿ ನನ್ನ ತಪ್ಪು ಹೇಳಿಕೊಳ್ಳಬೇಕು. ಸಾಹೇಬರು ಬರುವಾಗ ನಾನು ಮನೆಯಲ್ಲಿರಲಿಲ್ಲ. ನನ್ನ ಹನ್ನೊಂದು ಟೇಪುಗಳನ್ನು ವಾಪಸು ತರಲು ಹೋಗಿದ್ದೆ. ಬೇಗ ಬಂದುಬಿಡುತ್ತೇನೆ ಎಂದುಕೊಂಡೇ ಹೊರಟಿದ್ದೆ. ಆದರೆ ಎಂಟು ವರ್ಷದಿಂದ ಮನೆಬಾಗಿಲಿಗೆ ಬರುವವರ ಮುಖವಷ್ಟೇ ನೋಡಿದವಳು ನಾನು. ಅವರ ಮನೆಯೊಳಗೆ ಏನೇನಾಗಿದೆಯೆಂದು ನೋಡಿರಲಿಲ್ಲ. ಒಬ್ಬರ ಮನೆಯಲ್ಲಿ ತೊಟ್ಟಿಲು, ಒಬ್ಬರ ಮನೆಯಲ್ಲಿ ಹೊಸ ಸೊಸೆ. ಎಲ್ಲ ಕಡೆ ಕಾಫಿ. ಹನ್ನೊಂದನೆಯ ಟೇಪು ಪದ್ದಕ್ಕನ ಮನೆಯಲ್ಲಿತ್ತು. ಅವಳು ಮಂಡಕ್ಕಿ ಒಗ್ಗರಣೆ ಹಾಕಿದಳು. ಅವಳ ಯಜಮಾನರು ಬುಧವಾರ ಮಲಗಿದ್ದಕ್ಕೆ ಸೊಂಟ ಹಿಡಿದುಕೊಂಡಿದೆಯೆಂದು ನರಳಿ ತೋರಿಸಿದರು. ನಾವು ನಕ್ಕೆವು, ಶಾಲೆಯ ದಿನಗಳನ್ನು ನೆನೆಸಿದೆವು, ಮತ್ತೆ ನಕ್ಕೆವು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುವುದು ನನ್ನಂಥವರಿಗೇ. ಪದ್ದಕ್ಕ ಎದ್ದು ದೀಪ ಹಚ್ಚಿದಾಗಲೂ ನನಗೆ ಹೊಳೆಯಲಿಲ್ಲ.

ನಮ್ಮ ಮನೆಯಲ್ಲಿ ಆಗ ಏನಾಯಿತೆಂದು ಸುಮೇಧಾ ಆಮೇಲೆ ಹೇಳಿದಳು. ಸಾಹೇಬರು ಬಾವಿಕಟ್ಟೆಯಿಂದ ನಮ್ಮ ಗೋಡೆಗೆ ಟೇಪು ಎಳೆದು, ಅಳತೆ ಸರಿಯಿದೆಯೆಂದು ಬರೆದುಕೊಂಡು, ಚುಕ್ಕೆ ಗೆರೆಯ ವಿಚಾರಕ್ಕೆ ಜಗಳ ತೆಗೆಯಲು ಜಗುಲಿ ಹತ್ತಿ ಕೂತರಂತೆ. ಕೂತು "ನೋಡಮ್ಮ, ಮನೆ ಅಂದ್ರೆ ಒಂದು ಕಡೆ ಇರೋ ವಸ್ತು" ಎಂದು ಶುರುಮಾಡಿದರಂತೆ. ಮನೆ ಎದ್ದಿತು. ಸಾಹೇಬರು ಕಂಬ ತಬ್ಬಿಕೊಂಡರು. ಸುಮೇಧಾ ಒಳಗೆಲ್ಲ ಕಣ್ಣಾಡಿಸಿದಳು. ಅವಳು ಒಳಗೇ ಇದ್ದಾಳೆ, ಮನಸ್ಸೂ ಒಳಗೇ ಇದೆ. ಮತ್ತೆ ಯಾರನ್ನು ಹುಡುಕುತ್ತಿದೆ ಇದು? ನನ್ನ ಹೊಲಿಗೆ ಮೆಷಿನ್ನಿನ ಮುಂದಿನ ಖಾಲಿ ಸ್ಟೂಲು ನೋಡಿದ ಮೇಲೆ ಅವಳಿಗೆ ಅರ್ಥವಾಯಿತಂತೆ.

ನಾನು ಪದ್ದಕ್ಕನ ಜಗುಲಿಯಲ್ಲಿ ಕೂತು ಮಂಡಕ್ಕಿಯ ಕೊನೆಯ ಮುಷ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಕೆರೆ ಬೀದಿಯ ತಿರುವಿನಲ್ಲಿ ಹೆಂಚು ಕಂಡಿತು, ಬಾಗಿಲಿಗೆ ಸಿಕ್ಕಿಸಿದ್ದ ಮಲ್ಲಿಗೆ ಕಂಡಿತು, ಜಗುಲಿಯ ಮೇಲೆ ಕಂಬ ತಬ್ಬಿದ ಒಬ್ಬ ಗಂಡಸು ಕಂಡ. ಯಾರದೋ ಮನೆ ಎಂದುಕೊಂಡೆ. ಅದು ಒಂದೊಂದು ಜಗುಲಿಯ ಮುಂದೂ ನಿಂತು ನೋಡುತ್ತ ಬಂದು, ನನ್ನ ಮುಂದೆ ನಿಂತಿತು. ಆಚೆ ಹೋಗಲಿಲ್ಲ.

"ದಾಕ್ಷಾಯಿಣಿ," ಎಂದಳು ಪದ್ದಕ್ಕ ಮೆಲ್ಲಗೆ, "ನಿನ್ನೇ ಕಣೇ."

ನಾನು ಮಂಡಕ್ಕಿಯ ತಟ್ಟೆ ಕೆಳಗಿಟ್ಟೆ. ಪದ್ದಕ್ಕ ನನ್ನ ಬೆನ್ನು ಸವರಿದಳು. ನಾನು ಹನ್ನೊಂದು ಟೇಪನ್ನೂ ಕೊರಳಿಗೆ ಹಾಕಿಕೊಂಡು ಹೊಸ್ತಿಲು ದಾಟಿ ಒಳಗೆ ಹೋದೆ. "ತಪ್ಪಾಯ್ತು," ಎಂದೆ, ಗೋಡೆ ಮುಟ್ಟಿ. ಎಂಟು ವರ್ಷದ್ದೂ ಸೇರಿಸಿ ಹೇಳಿದೆ.

ದಾರಿಯುದ್ದಕ್ಕೂ ಸಾಹೇಬರು ಕಂಬ ಬಿಡಲಿಲ್ಲ. ಸುಮೇಧಾ ಬೆರಳ ಉಗುರು ಕಚ್ಚುತ್ತಿದ್ದಳು. ಆರು ತಿಂಗಳ ಕೆಲಸ ಈಗ ಮನೆ ಎಲ್ಲಿ ಕೂರುತ್ತದೆ ಎನ್ನುವುದರ ಮೇಲೆ ನಿಂತಿತ್ತು. ಬಾವಿಯ ಬಳಿ ಬಂದು ಮನೆ ಅತ್ತ ಇತ್ತ ಒಂದು ಸುತ್ತು ಹಾಕಿ ಕೂತಿತು. ಸಾಹೇಬರು ಜಗುಲಿಯಿಂದ ಇಳಿದು ಟೇಪು ಎಳೆದರು. ನಾವು ಮೂವರೂ ಬಗ್ಗಿ ನೋಡಿದೆವು. ಎದ್ದ ಜಾಗದಿಂದ ಒಂದೂವರೆ ಮೊಳ ಆಚೆ ಕೂತಿತ್ತು. ಚುಕ್ಕೆ ಗೆರೆಯೊಳಗೆ ಇನ್ನೂ ಅರ್ಧ ಮೊಳ ಮಿಕ್ಕಿತ್ತು.

ಸಾಹೇಬರು ನಕ್ಷೆಯನ್ನು ನಮ್ಮ ಕಂಬಕ್ಕೇ ಒತ್ತಿ ಹಿಡಿದು ಸೈನ್ ಹಾಕಿದರು. ಚುಕ್ಕೆ ಅಳಿಸು ಎನ್ನಲಿಲ್ಲ. ಕನ್ನಡಕ ಒರೆಸುತ್ತ ನನ್ನನ್ನು ಕೇಳಿದರು: "ಅಲ್ಲಮ್ಮ, ತಡ ಆದ್ರೆ ಎಲ್ಲರ ಮನೇನೂ ಬರುತ್ತಾ?"

"ಇಲ್ಲಿ ಬರುತ್ತೆ ಸಾರ್. ನಿಮ್ ಕಡೆ ಹೇಗೋ ಗೊತ್ತಿಲ್ಲ."

ಅವರು ಗಡಿಯಾರ ನೋಡಿಕೊಂಡರು. ಬಸ್ಸು ಎಷ್ಟು ಹೊತ್ತಿಗಿದೆಯೆಂದು ಕೇಳಿದರು. ಇನ್ನು ಹತ್ತು ನಿಮಿಷಕ್ಕೆ ಎಂದೆ. ನಾನು ಕೊಟ್ಟ ಕಾಫಿ ಆರಲು ಬಿಟ್ಟು, ಸ್ಟೀಲ್ ಟೇಪನ್ನೂ ಮರೆತು ಓಡಿದರು. ಅದು ಈಗ ನನ್ನ ಹನ್ನೆರಡನೆಯ ಟೇಪು. ಬ್ಲೌಸಿಗೆ ಬರುವುದಿಲ್ಲ, ತಣ್ಣಗೆ ಕೊರೆಯುತ್ತದೆ.

ಸುಮೇಧಾ ಖಾಯಂ ಆಗಿ ಇಲ್ಲೇ ಇದ್ದಾಳೆ. ಐದೂವರೆಗೆ ಬರುತ್ತಾಳೆ, ಒಮ್ಮೊಮ್ಮೆ ಐದೂಮುಕ್ಕಾಲು. ನಾನು ಮಾತ್ರ ಶುಕ್ರವಾರ ಶುಕ್ರವಾರ ಮೆಷಿನ್ನಿಗೆ ಬಟ್ಟೆ ಮುಚ್ಚಿ ಪದ್ದಕ್ಕನ ಮನೆಗೆ ಹೋಗುತ್ತೇನೆ. ಎದ್ದು ಬರಲು ಯಾವತ್ತೂ ಕೊಂಚ ತಡವಾಗುತ್ತದೆ. ಬೇಕೆಂದೇ ಅಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ. ತಿರುವಿನಲ್ಲಿ ಹೆಂಚು ಕಾಣುತ್ತದೆ, ಕಿಟಕಿಯಲ್ಲಿ ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡ ಹುಡುಗಿ "ಆಂಟೀ, ಸಾರು ಆರ್ತಾ ಇದೆ!" ಎಂದು ಕೂಗುತ್ತಾಳೆ. ನಾನು ಮಂಡಕ್ಕಿ ಕೊಡವಿಕೊಂಡು ಎದ್ದು, ನನ್ನ ಮನೆ ಹತ್ತಿಕೊಳ್ಳುತ್ತೇನೆ.